ಮನಃಪರಿವರ್ತನೆಯ ನಿಧಾನ ಹಾದಿ: ಒಂದು ಕಾರ್ಟೂನು ಕಥೆಯ ನೀತಿಜಿಜ್ಞಾಸೆ

ಮಕ್ಕಳಿಗೆ ಯಾವ ಕಥೆಯನ್ನು ಹೇಳಬೇಕು, ಯಾವುದನ್ನು ಹೇಳಬಾರದು ಎಂಬ ಪ್ರಶ್ನೆ ದೂರದರ್ಶನದೊಡನೆ ಹುಟ್ಟಿದ್ದಲ್ಲ. ಸುಮಾರು 2400 ವರ್ಷಗಳ ಹಿಂದೆಯೇ ಗ್ರೀಕ್ ತತ್ತ್ವಜ್ಞಾನಿ ಪ್ಲೇಟೊ ತನ್ನ 'ರಿಪಬ್ಲಿಕ್' ಗ್ರಂಥದ ಎರಡನೆಯ ಭಾಗದಲ್ಲಿ ಇದನ್ನು ಎತ್ತಿಕೊಂಡಿದ್ದಾನೆ. ತಾಯಂದಿರೂ ದಾದಿಯರೂ ಮಕ್ಕಳಿಗೆ ಹೇಳುವ ಕಥೆಗಳನ್ನು ಮೊದಲು ಪರಿಶೀಲಿಸಬೇಕು, ಯೋಗ್ಯವಾದುವನ್ನಷ್ಟೇ ಉಳಿಸಿಕೊಳ್ಳಬೇಕು ಎಂಬುದು ಅವನ ನಿಲುವು. ಎಳೆಯ ಮನಸ್ಸಿನ ಮೇಲೆ ಮೊದಲು ಬಿದ್ದ ಅಚ್ಚು ಸುಲಭವಾಗಿ ಅಳಿಯದು ಎಂದು ಅವನು ಕೊಡುವ ಕಾರಣ ಇಂದಿಗೂ ಒಪ್ಪತಕ್ಕದ್ದೇ. ಆದರೆ ಕೆಡುಕಿನ ನೆರಳೇ ಬೀಳದ ಕಥೆಯಿಂದ ಮಗು ಪಶ್ಚಾತ್ತಾಪವೆಂದರೇನೆಂದು ಅರಿಯುವುದು ಹೇಗೆ? ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ 'ಇಂಟರ್ ಮಿರಿಫಿಕಾ' ಎಂಬ ಸಮೂಹ ಮಾಧ್ಯಮಗಳ ಆಜ್ಞಾಪತ್ರ ಈ ವಿಷಯದಲ್ಲಿ ಪ್ಲೇಟೊಗಿಂತ ಉದಾರವಾಗಿದೆ. ನೈತಿಕ ಕೆಡುಕಿನ ಚಿತ್ರಣವೂ ಸಂಯಮದಿಂದ ಕೂಡಿದ್ದರೆ ಮನುಷ್ಯನನ್ನು ಆಳವಾಗಿ ಅರಿಯಲು ನೆರವಾಗಬಲ್ಲದೆಂದು ಅದು ಒಪ್ಪಿಕೊಳ್ಳುತ್ತದೆ.

ನಮ್ಮ ಕುಟುಂಬಗಳಲ್ಲಿ ಈ ಹಳೆಯ ಪ್ರಶ್ನೆ ಹೊಸ ವೇಷದಲ್ಲಿ ಕೇಳಿಬರುತ್ತದೆ. ಮನೆಗಳ ಭೇಟಿಗೆ ಹೋದಾಗ ತಾಯ್ತಂದೆಯರು ಹೇಳುವ ದೂರುಗಳಲ್ಲಿ, ಮಕ್ಕಳು ಕಾರ್ಟೂನು ಬಿಟ್ಟು ಏಳುವುದಿಲ್ಲ ಎಂಬುದಕ್ಕೆ ಅಗ್ರಸ್ಥಾನ. ಹೀಗೆ ದೂರುವವರಲ್ಲಿ ಎಷ್ಟೋ ಮಂದಿ 1993ರಲ್ಲಿ ಭಾನುವಾರ ಬಂತೆಂದರೆ ದೂರದರ್ಶನದಲ್ಲಿ ಮೌಗ್ಲಿಯ ಮುಂದೆ ಕುಳಿತುಬಿಡುತ್ತಿದ್ದವರೇ. ಅಂದು ಬಲಿಪೂಜೆಗೂ ಮೌಗ್ಲಿಗೂ ನಡೆದ ಪೈಪೋಟಿಯಲ್ಲಿ ಗೆದ್ದವರಾರೆಂಬುದನ್ನು ಇಲ್ಲಿ ಬರೆಯದಿರುವುದೇ ಲೇಸು. ಎಷ್ಟು ಹೊತ್ತು ನೋಡಬಹುದೆಂಬುದು ಮನೆಯ ಶಿಸ್ತಿಗೆ ಸೇರಿದ ಮಾತು. ಅದನ್ನು ಹೆತ್ತವರೇ ನಿರ್ಧರಿಸಲಿ. ಏನನ್ನು ನೋಡುತ್ತಾರೆ, ನೋಡಿದ್ದರಲ್ಲಿ ಏನಿದೆ ಎಂಬುದೇ ನನ್ನ ವಿಷಯ.

ಚಿತ್ರದಲ್ಲಿ ಬರೆದ ಮನುಷ್ಯರು, ಮಾತನಾಡುವ ಪ್ರಾಣಿಗಳು ಎಂದ ಮಾತ್ರಕ್ಕೆ ಅದು ಹುಡುಗಾಟದ ಸರಕೆಂದು ಎಣಿಸುವುದು ಕನ್ನಡಿಗರಿಗಂತೂ ಸಲ್ಲದು. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದದ್ದು ಮಕ್ಕಳ ಕಾಲಹರಣಕ್ಕಲ್ಲ, ರಾಜನೀತಿಯ ಅರಿವಿಗೆ. ಗೋವಿನ ಹಾಡಿನ ಹುಲಿಯ ಎದುರು ನಿಂತ ಪುಣ್ಯಕೋಟಿಯನ್ನು ನೆನೆದು ಕಣ್ಣು ತೇವಗೊಳ್ಳದ ಹಿರಿಯರು ನಮ್ಮಲ್ಲಿ ವಿರಳ. ಕೊಟ್ಟ ಮಾತಿಗೂ ಪ್ರಾಣಕ್ಕೂ ನಡುವಣ ಆಯ್ಕೆಯನ್ನು ಹಸುವೊಂದರ ಬಾಯಿಂದ ಕೇಳಿ ಕಲಿತವರು ನಾವು.

ಆದರೆ ಕಾರ್ಟೂನಿನಲ್ಲಿ ನೀತಿಯನ್ನು ಹುಡುಕುವವರು ಸಾಮಾನ್ಯವಾಗಿ ಹುಡುಕಬಾರದ ಕಡೆ ಹುಡುಕುತ್ತಾರೆ. 1983ರಿಂದ 1985ರವರೆಗೆ ಅಮೆರಿಕದಲ್ಲಿ ಪ್ರಸಾರವಾದ 'ಹೀ ಮ್ಯಾನ್' ಧಾರಾವಾಹಿಯ ಕಂತುಗಳ ಕೊನೆಗೆ ಒಂದು ಪಾತ್ರ ಮುಂದೆ ಬಂದು, ಇಂದಿನ ಕಥೆಯಿಂದ ಕಲಿಯಬೇಕಾದದ್ದು ಇದು ಎಂದು ಮಕ್ಕಳಿಗೆ ಬಿಡಿಸಿ ಹೇಳುತ್ತಿತ್ತು. ಇಪ್ಪತ್ತು ನಿಮಿಷ ಹೊಡೆದಾಟ, ಅರ್ಧ ನಿಮಿಷ ಹಿತೋಪದೇಶ! ಮಕ್ಕಳಿಗೆ ನೆನಪಿನಲ್ಲಿ ಉಳಿದದ್ದು ಯಾವುದೆಂದು ಊಹಿಸುವುದು ಕಷ್ಟವಲ್ಲ. 2010ರಲ್ಲಿ ವ್ಯಾಟಿಕನ್ನಿನ 'ಲೊಸ್ಸೆರ್ವತೋರೆ ರೊಮಾನೊ' ಪತ್ರಿಕೆ 'ದಿ ಸಿಂಪ್ಸನ್ಸ್' ಎಂಬ ಹಾಸ್ಯ ಕಾರ್ಟೂನಿನ ಹೋಮರನನ್ನು ಕಥೋಲಿಕನೆಂದೇ ಕರೆದು ಲೋಕದ ಗಮನ ಸೆಳೆದದ್ದುಂಟು. ಆ ಲೇಖನದ ಲವಲವಿಕೆಯನ್ನು ಮೆಚ್ಚಬಹುದು. ಆದರೂ ಪಾತ್ರಗಳು ಊಟದ ಮುಂಚೆ ಪ್ರಾರ್ಥಿಸುತ್ತವೆಯೇ, ಭಾನುವಾರ ದೇವಾಲಯಕ್ಕೆ ಹೋಗುತ್ತವೆಯೇ ಎಂದು ಲೆಕ್ಕ ಹಾಕುವುದು ಧರ್ಮದ ಗುರುತುಗಳನ್ನು ಎಣಿಸಿದಂತೆಯೇ ಹೊರತು ನೀತಿಯ ಆಳವನ್ನು ಅಳೆದಂತಲ್ಲ. ಪಾತ್ರವೊಂದು ತಪ್ಪು ಮಾಡಿದಾಗ ಕಥೆ ಅದನ್ನು ಹೇಗೆ ನಡೆಸಿಕೊಳ್ಳುತ್ತದೆ, ಕ್ಷಮೆಯ ಬೆಲೆಯನ್ನು ಯಾರು ತೆರುತ್ತಾರೆ ಎಂದು ಕೇಳಬೇಕು.

ಹೀಗೆ ಕೇಳಿದಾಗ ಎದೆಗುಂದದೆ ನಿಲ್ಲುವ ಧಾರಾವಾಹಿಯೊಂದು ಇದೆ. ಮೈಕೆಲ್ ಡಾಂಟೆ ಡಿಮಾರ್ಟಿನೊ ಮತ್ತು ಬ್ರಯನ್ ಕೊನಿಯೆಟ್ಸ್ಕೊ ಎಂಬಿಬ್ಬರು ರೂಪಿಸಿದ 'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್' ಅಮೆರಿಕದ ನಿಕಲೋಡಿಯನ್ ವಾಹಿನಿಯಲ್ಲಿ 2005ರ ಫೆಬ್ರವರಿಯಿಂದ 2008ರ ಜುಲೈವರೆಗೆ 61 ಕಂತುಗಳಲ್ಲಿ ಪ್ರಸಾರವಾಯಿತು, ಪೀಬಾಡಿ ಪ್ರಶಸ್ತಿಗೂ ಪಾತ್ರವಾಯಿತು. 2009ರ ನೀಲಿ ಮನುಷ್ಯರ 'ಅವತಾರ್' ಚಲನಚಿತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ಇದೇ ಕಥೆಯನ್ನು ನಟರನ್ನಿಟ್ಟು 2010ರಲ್ಲಿ ಚಲನಚಿತ್ರವಾಗಿಯೂ 2024ರಲ್ಲಿ ಧಾರಾವಾಹಿಯಾಗಿಯೂ ತೆಗೆದರು. ನಾನು ಹೇಳುತ್ತಿರುವುದು ಮೂಲ ಕಾರ್ಟೂನಿನ ಮಾತು.

ಕಥೆಯ ಚೌಕಟ್ಟು ಇಷ್ಟು. ನೀರು, ಭೂಮಿ, ಬೆಂಕಿ, ಗಾಳಿ ಎಂಬ ನಾಲ್ಕು ಭೂತಗಳಿಗೆ ನಾಲ್ಕು ಜನಾಂಗಗಳು. ಆಯಾ ಜನಾಂಗದ ಕೆಲವರಿಗೆ ಆಯಾ ಭೂತವನ್ನು ಕೈಸನ್ನೆಯಿಂದ ಆಡಿಸುವ ಶಕ್ತಿ. ನಾಲ್ಕನ್ನೂ ಆಳಬಲ್ಲವನು ಯುಗಕ್ಕೊಬ್ಬ. ಅವನೇ 'ಅವತಾರ್', ಲೋಕದ ಸಮತೋಲವನ್ನು ಕಾಯತಕ್ಕವನು. ಬೆಂಕಿಯ ರಾಷ್ಟ್ರ ಯುದ್ಧ ಹೂಡಿ, ಗಾಳಿಯ ಸಂನ್ಯಾಸಿಗಳ ಕುಲವನ್ನೇ ಅಳಿಸಿಹಾಕಿದೆ. ಮಂಜಿನೊಳಗೆ ನೂರು ವರ್ಷ ನಿದ್ರಿಸಿ ಎದ್ದ ಹನ್ನೆರಡು ವರ್ಷದ ಆಂಗ್ ಎಂಬ ಬಾಲಕ ಆ ಕುಲದಲ್ಲಿ ಉಳಿದ ಒಬ್ಬನೇ, ಅವನೇ ಅವತಾರ್. ಅವತಾರವೆಂಬ ಸಂಸ್ಕೃತ ಪದ, ಮರುಜನ್ಮದ ಕಲ್ಪನೆ, ಬೌದ್ಧ ವಿಹಾರಗಳ ಛಾಯೆ ಇವೆಲ್ಲ ಏಷ್ಯಾದಿಂದ ಹೋದ ಸಾಮಗ್ರಿ. ಮರುಜನ್ಮ ನಮ್ಮ ವಿಶ್ವಾಸಕ್ಕೆ ಸೇರಿದ್ದಲ್ಲ ಎಂಬುದು ಜ್ಞಾನೋಪದೇಶ ಕಲಿತ ಮಕ್ಕಳಿಗೆ ಗೊತ್ತು. ಇಲ್ಲಿ ಅದು ಕಥೆಯ ಕೀಲು, ಬೋಧನೆಯಲ್ಲ.

ಈ ಧಾರಾವಾಹಿಯ ನೈತಿಕ ಹೃದಯ ನಾಯಕನಲ್ಲಿ ಇಲ್ಲ, ಅವನನ್ನು ಬೆನ್ನಟ್ಟುವ ಶತ್ರುವಿನಲ್ಲಿದೆ ಎಂಬುದೇ ಅದರ ಹಿರಿಮೆ. ಬೆಂಕಿ ರಾಷ್ಟ್ರದ ರಾಜಕುಮಾರ ಝೂಕೊನ ಮುಖದ ಎಡಭಾಗದಲ್ಲಿ ಸುಟ್ಟ ಕಲೆಯಿದೆ. ಹದಿಮೂರನೆಯ ವಯಸ್ಸಿನಲ್ಲಿ ಅವನು ಯುದ್ಧಸಭೆಯಲ್ಲಿ ಕುಳಿತಿದ್ದಾಗ, ಹೊಸದಾಗಿ ಸೇರಿದ ಸೈನಿಕರ ಪಡೆಯೊಂದನ್ನು ಶತ್ರುವಿಗೆ ಎರೆಯಾಗಿ ಒಡ್ಡಲು ಸೇನಾಪತಿಯೊಬ್ಬ ಸೂಚಿಸುತ್ತಾನೆ. ಹುಡುಗ ತಡೆಯಲಾರದೆ ಎದ್ದು ವಿರೋಧಿಸುತ್ತಾನೆ. ಆ ಅಪರಾಧಕ್ಕೆ ದ್ವಂದ್ವಯುದ್ಧದ ಆಜ್ಞೆ. ಎದುರಿಗೆ ಬಂದು ನಿಂತವನು ಸೇನಾಪತಿಯಲ್ಲ, ಸ್ವಂತ ತಂದೆ, ದೊರೆ ಓಜೈ. ಮಗ ಹೋರಾಡಲೊಲ್ಲದೆ ಮೊಣಕಾಲೂರಿ ಬೇಡಿಕೊಳ್ಳುತ್ತಾನೆ. ತಂದೆ ಅವನ ಮುಖವನ್ನು ಸುಟ್ಟು, ಅವತಾರನನ್ನು ಹಿಡಿದು ತರುವವರೆಗೆ ಮರಳಬೇಡವೆಂದು ದೇಶದಿಂದ ಅಟ್ಟುತ್ತಾನೆ. ಅಂದರೆ, ಹುಡುಗ ಮಾಡಿದ ಮೊದಲ ಒಳ್ಳೆಯ ಕೆಲಸಕ್ಕೆ ಸಿಕ್ಕ ಪ್ರತಿಫಲ ಆ ಕಲೆ. ಅಂದಿನಿಂದ ಅವನು ಒಳ್ಳೆಯತನವನ್ನೇ ಅವಮಾನವೆಂದು ಬಗೆದು, ತಂದೆಯ ಮೆಚ್ಚುಗೆಯನ್ನು ಮಾನವೆಂದು ತಿಳಿದು ಓಡುತ್ತಿರುತ್ತಾನೆ. ಮಕ್ಕಳನ್ನು ಅಂಕಗಳಿಂದ ಅಳೆಯುವ ನಮ್ಮ ಮನೆಗಳಲ್ಲಿ ಈ ಓಟ ಅಪರಿಚಿತವಲ್ಲ.

ಅವನ ಸಂಗಡ ದೊಡ್ಡಪ್ಪ ಐರೋ ಇದ್ದಾನೆ. ಒಂದು ಕಾಲದ ದಂಡನಾಯಕ. ಬಾ ಸಿಂಗ್ ಸೇ ಎಂಬ ಮಹಾನಗರವನ್ನು 600 ದಿನ ಮುತ್ತಿದವನು. ಆ ಮುತ್ತಿಗೆಯಲ್ಲಿ ಒಬ್ಬನೇ ಮಗ ಮಡಿದಾಗ ಯುದ್ಧದ ಅರ್ಥವೇ ಅಳಿದುಹೋಗಿ ಹಿಂದಿರುಗಿದ್ದಾನೆ. ಈಗ ಚಹ ಕುದಿಸುವುದು, ತಮ್ಮನ ಮಗನ ಹಿಂದೆ ನಡೆಯುವುದು, ಇವಿಷ್ಟೇ ಅವನ ಕೆಲಸ. ಎರಡನೆಯ ಭಾಗದಲ್ಲಿ, ತಾನೇ ಮುತ್ತಿದ ಆ ನಗರದಲ್ಲಿ ಅಜ್ಞಾತನಾಗಿ ಬದುಕುತ್ತಾ, ಮಗನ ಹುಟ್ಟಿದ ದಿನ ಬೆಟ್ಟದ ಮೇಲೊಂದು ಮರದ ಕೆಳಗೆ ಅವನ ಚಿತ್ರವನ್ನಿಟ್ಟು ಅಳುವ ದೃಶ್ಯವೊಂದಿದೆ. ಐರೋಗೆ ದನಿ ನೀಡಿದ್ದ ನಟ ಮಾಕೊ 2006ರಲ್ಲಿ ತೀರಿಕೊಂಡಿದ್ದರಿಂದ ಆ ಭಾಗವನ್ನು ಅವರಿಗೇ ಅರ್ಪಿಸಲಾಗಿದೆ. ಪರರ ಮಕ್ಕಳನ್ನು ಕೊಲ್ಲಲು ಬಂದವನು ಅದೇ ಬೀದಿಯಲ್ಲಿ ಪರರ ಮಕ್ಕಳ ಅಳು ನಿಲ್ಲಿಸುತ್ತಾ ನಡೆಯುವುದನ್ನು ನೋಡಿದಾಗ, ಪ್ರಾಯಶ್ಚಿತ್ತದ ಬಗ್ಗೆ ಗುರುಮಠದಲ್ಲಿ ಓದಿದ ಎಷ್ಟೋ ಪುಟಗಳು ನೆನಪಾಗುತ್ತವೆ.

ಝೂಕೊ ಬದಲಾಗುವುದು ಒಂದು ದಿನದಲ್ಲಿ ಅಲ್ಲ. ಮೊದಲ ಭಾಗದಲ್ಲೇ, ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ಅವತಾರ್ ಕಣ್ಣೆದುರೇ ತಪ್ಪಿಸಿಕೊಳ್ಳುತ್ತಿದ್ದರೂ ನಾವಿಕರ ಜೀವವೇ ಮುಖ್ಯವೆಂದು ಅವನು ಬೆನ್ನಟ್ಟುವುದನ್ನು ಬಿಡುತ್ತಾನೆ. ಮರುಕಂತಿನಿಂದ ಮತ್ತೆ ಹಳೆಯ ಝೂಕೊ. ಎರಡನೆಯ ಭಾಗದ ಕೊನೆಗೆ, ಸೆರೆಯಲ್ಲಿದ್ದ ಆಂಗ್‌ನ ಹಾರುವ ಕಾಡೆಮ್ಮೆಯನ್ನು ದೊಡ್ಡಪ್ಪನ ಮಾತಿಗೆ ಮಣಿದು ಬಿಟ್ಟುಕೊಡುತ್ತಾನೆ. ಆ ಒಳ್ಳೆಯ ಕೆಲಸ ಮಾಡಿದ ಕೂಡಲೇ ಅವನಿಗೆ ವಿಪರೀತ ಜ್ವರ ಬರುತ್ತದೆ! ತಾನು ಯಾರೆಂದು ಇಷ್ಟು ಕಾಲ ನಂಬಿದ್ದನೋ ಅದಕ್ಕೂ ಈಗ ಮಾಡಿದ ಕೆಲಸಕ್ಕೂ ಒಳಗೊಳಗೇ ಕಾಳಗ ಹತ್ತಿದೆಯೆಂದು ಐರೋ ವಿವರಿಸುತ್ತಾನೆ. ನ್ಯಾಯವಂತ ಕೆಲಸಗಳನ್ನು ಮಾಡುತ್ತಾ ಮಾಡುತ್ತಾ ಮನುಷ್ಯ ನ್ಯಾಯವಂತನಾಗುತ್ತಾನೆ ಎಂದು ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಎರಡನೆಯ ಭಾಗದಲ್ಲಿ ಹೇಳುತ್ತಾನೆ. ಆದರೆ ಹೊಸ ಅಭ್ಯಾಸದ ಮೊದಲ ದಿನ ಹಳೆಯ ಅಭ್ಯಾಸ ಮೈಯನ್ನು ಹೇಗೆ ಸುಡುತ್ತದೆಂಬುದನ್ನು ಈ ಕಾರ್ಟೂನು ತೋರಿಸುತ್ತದೆ. ಕುಡಿತ ಬಿಟ್ಟವರ ಮೊದಲ ವಾರವನ್ನು ಕಂಡ ಕುಟುಂಬಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜ್ವರ ಇಳಿದ ಮೇಲಾದರೂ ಹುಡುಗ ನೇರವಾದನೆಂದು ನೋಡುವ ಮಕ್ಕಳು ಉಸಿರು ಬಿಡುವಷ್ಟರಲ್ಲಿ, ಅವನು ಎಲ್ಲಕ್ಕಿಂತ ದೊಡ್ಡ ದ್ರೋಹವನ್ನು ಎಸಗುತ್ತಾನೆ. ತಂಗಿ ಅಜೂಲಾ ತಂದೆಯ ಪ್ರೀತಿಯ ಆಸೆ ತೋರಿಸಿದಾಗ ಅವಳ ಪಕ್ಷ ಸೇರಿ ಆಂಗ್‌ನ ಮೇಲೆ ಬೀಳುತ್ತಾನೆ. ಅಜೂಲಾಳ ಸಿಡಿಲಿಗೆ ಆಂಗ್ ಸಾವಿನಂಚಿಗೆ ಹೋಗುತ್ತಾನೆ, ದೊಡ್ಡಪ್ಪ ಸೆರೆಯಾಗುತ್ತಾನೆ. ಸಾಮಾನ್ಯ ಕಥೆಗಾರ ಇಂಥ ಜಾರುವಿಕೆಯನ್ನು ಬರೆಯಲು ಹೆದರುತ್ತಾನೆ. ಪಾಪನಿವೇದನೆಯ ಪೀಠದಲ್ಲಿ ವರ್ಷಗಟ್ಟಲೆ ಕುಳಿತವನಿಗೆ ಇದಕ್ಕಿಂತ ಸತ್ಯವಾದ ಚಿತ್ರ ಬೇರೊಂದಿಲ್ಲ.

ಅರಮನೆಗೆ ಮರಳಿದ ಝೂಕೊಗೆ ಬೇಕಾದುದೆಲ್ಲ ದೊರೆಯುತ್ತದೆ: ತಂದೆಯ ಹೊಗಳಿಕೆ, ಜನರ ಜಯಕಾರ, ಸಭೆಯಲ್ಲಿ ಬಲಗಡೆಯ ಆಸನ. ನೆಮ್ಮದಿ ಮಾತ್ರ ಇಲ್ಲ. ಕಾರಾಗೃಹಕ್ಕೆ ಹೋದರೆ ದೊಡ್ಡಪ್ಪ ಮುಖ ತಿರುಗಿಸಿ ಸುಮ್ಮನೆ ಕುಳಿತಿರುತ್ತಾನೆ. ಕೊನೆಗೆ ಒಂದು ಸೂರ್ಯಗ್ರಹಣದ ದಿನ, ಹದಿಮೂರು ವರ್ಷದ ಮಗುವಿಗೆ ನೀವು ಮಾಡಿದ್ದು ಕ್ರೌರ್ಯವೆಂದು ತಂದೆಯ ಮುಖಕ್ಕೇ ಹೇಳಿ ಹೊರಟುಬರುತ್ತಾನೆ. ಆಂಗ್‌ನ ಗುಂಪನ್ನು ಅವನು ಸೇರುವುದು 61ರಲ್ಲಿ 52ನೆಯ ಕಂತಿನಲ್ಲಿ. ಅಲ್ಲಿಯೂ ಆರತಿಯೆತ್ತಿ ಬರಮಾಡಿಕೊಳ್ಳುವವರಿಲ್ಲ. ಮೊದಲು ಅವನನ್ನು ಓಡಿಸುತ್ತಾರೆ. ಒಳಗೆ ಸೇರಿಸಿಕೊಂಡ ಮೇಲೂ ಕಟಾರಾ ಎಂಬ ನೀರಿನ ಕುಲದ ಹುಡುಗಿ, ಇನ್ನೊಮ್ಮೆ ತಪ್ಪಿದರೆ ನಿನ್ನ ಕಥೆ ಮುಗಿಯಿತೆಂದು ಬೆದರಿಸುತ್ತಾಳೆ. ಪಶ್ಚಾತ್ತಾಪಪಟ್ಟವನಿಗೆ ಕ್ಷಮೆಯನ್ನು ಕೇಳುವ ಹಕ್ಕಿದೆ, ಪಡೆದೇ ತೀರುವ ಹಕ್ಕಿಲ್ಲ. ಝೂಕೊ ಅದನ್ನು ದೂರದೆ ಸಹಿಸುತ್ತಾನೆ.

ದೊಡ್ಡಪ್ಪನನ್ನು ಅವನು ಮತ್ತೆ ಕಾಣುವ ದೃಶ್ಯ ಎರಡೇ ನಿಮಿಷದ್ದು. ಐರೋ ಸೆರೆಯಿಂದ ತಪ್ಪಿಸಿಕೊಂಡು ಗುಡಾರವೊಂದರಲ್ಲಿ ಮಲಗಿದ್ದಾನೆ. ಝೂಕೊ ಎಬ್ಬಿಸುವುದಿಲ್ಲ, ಪಕ್ಕದಲ್ಲಿ ಕುಳಿತು ಬೆಳಗಾಗುವವರೆಗೆ ಕಾಯುತ್ತಾನೆ. ಮುದುಕ ಎದ್ದಾಗ, ಬಹಳ ದಿನದಿಂದ ಸಿದ್ಧಪಡಿಸಿಕೊಂಡಿದ್ದ ಕ್ಷಮಾಯಾಚನೆಯನ್ನು ಅಳುತ್ತಾ ಆರಂಭಿಸುತ್ತಾನೆ. ಮಾತು ಮುಗಿಯುವ ಮುನ್ನವೇ ಐರೋ ಅವನನ್ನು ಎಳೆದು ಅಪ್ಪಿಕೊಳ್ಳುತ್ತಾನೆ. ಕೋಪವಿರಲಿಲ್ಲ, ನೀನು ದಾರಿ ತಪ್ಪಿ ಕಳೆದುಹೋದೆಯೇನೋ ಎಂಬ ದುಃಖವಿತ್ತು ಎಂಬ ಅರ್ಥದ ಮಾತನ್ನಷ್ಟೇ ಹೇಳುತ್ತಾನೆ. ಪ್ರಿಯ ವಾಚಕರೇ, ಸಂತ ಲೂಕರ ಶುಭಸಂದೇಶದ 15ನೆಯ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ಹಂದಿಗಳ ನಡುವೆ ಕುಳಿತ ದುಂದುಗಾರ ಮಗ ತಂದೆಗೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಳ್ಳುತ್ತಾನೆ. ಅದರ ಕೊನೆಯ ಭಾಗ ತನ್ನನ್ನು ಕೂಲಿಯಾಳಾಗಿ ಇಟ್ಟುಕೊಳ್ಳಿ ಎಂಬ ಬಿನ್ನಹ. ತಂದೆಯ ಮುಂದೆ ನಿಂತಾಗ ಆ ಭಾಗ ಹೊರಬರುವುದೇ ಇಲ್ಲ. ಅಷ್ಟರಲ್ಲಿ ತಂದೆ ಆಳುಗಳನ್ನು ಕೂಗಿ ಉತ್ತಮ ಉಡುಪು ತರಿಸುತ್ತಿರುತ್ತಾನೆ. ಧಾರಾವಾಹಿಯ ಕರ್ತೃಗಳು ಈ ಸಾಮತಿಯನ್ನು ಮುಂದಿಟ್ಟುಕೊಂಡೇ ಬರೆದರೆಂದು ನಾನು ಹೇಳುತ್ತಿಲ್ಲ. ಅರ್ಧಕ್ಕೆ ನಿಂತ ಆ ವಾಕ್ಯ ಎರಡು ಕಡೆಯೂ ಒಂದೇ ಕೆಲಸ ಮಾಡುತ್ತದೆ ಎಂಬುದಷ್ಟೇ ನನ್ನ ಮಾತು.

ಇಷ್ಟಕ್ಕೇ ನಿಂತಿದ್ದರೆ ಕ್ಷಮೆ ಬಲು ಸಿಹಿಯಾದ ವಸ್ತುವಾಗಿ ಕಾಣುತ್ತಿತ್ತು. ಆದರೆ ಇದೇ ಧಾರಾವಾಹಿ ಕಟಾರಾಳ ಕಥೆಯನ್ನೂ ಹೇಳುತ್ತದೆ. ಅವಳ ತಾಯಿಯನ್ನು ಕೊಂದವನು ಯೋನ್ ರಾ ಎಂಬ ಬೆಂಕಿ ರಾಷ್ಟ್ರದ ದಳಪತಿ. ಝೂಕೊನ ನೆರವಿನಿಂದ ಅವಳು ಅವನನ್ನು ಹುಡುಕಿ ಹೊರಡುತ್ತಾಳೆ. ಕ್ಷಮಿಸೆಂದು ಆಂಗ್ ಹೇಳಿದರೆ ಅವಳಿಗೆ ರೇಗುತ್ತದೆ. ಸಿಕ್ಕಿದವನು ರಾಕ್ಷಸನಲ್ಲ, ನಿವೃತ್ತನಾಗಿ, ತಾಯಿಯ ಬೈಗುಳ ಕೇಳುತ್ತಾ ಸಂತೆಯಿಂದ ತರಕಾರಿ ಹೊತ್ತು ತರುವ ಮುದುಕ. ಪ್ರಾಣಭಯದಿಂದ ಅವನು, ನಿನ್ನ ತಾಯಿಗೆ ಬದಲು ನನ್ನ ತಾಯಿಯನ್ನು ತೆಗೆದುಕೋ ಎನ್ನುವಷ್ಟು ಕೀಳಾಗುತ್ತಾನೆ. ಸುರಿಯುವ ಮಳೆಯನ್ನು ಗಾಳಿಯಲ್ಲೇ ನಿಲ್ಲಿಸಿ, ಮಂಜಿನ ಮೊಳೆಗಳನ್ನಾಗಿಸಿ ಅವನತ್ತ ಎಸೆದ ಕಟಾರಾ ಗೇಣಿನ ಅಂತರದಲ್ಲಿ ಅವನ್ನು ತಡೆದುಬಿಡುತ್ತಾಳೆ. ಹಿಂದಿರುಗಿ ಬಂದು, ನಾನು ಅವನನ್ನು ಕ್ಷಮಿಸಿಲ್ಲ, ಎಂದಿಗೂ ಕ್ಷಮಿಸಲಾರೆ ಎನ್ನುತ್ತಾಳೆ. ಝೂಕೊನನ್ನು ಮಾತ್ರ ಅಪ್ಪಿಕೊಂಡು ಕ್ಷಮಿಸುತ್ತಾಳೆ.

ಎಪ್ಪತ್ತು ಸಲ ಏಳು ಬಾರಿ ಕ್ಷಮಿಸಬೇಕೆಂದು ಕಲಿತ ಮಕ್ಕಳಿಗೆ ಇದನ್ನು ಹೇಗೆ ವಿವರಿಸುವುದು? ಅವಸರದಿಂದ ಅವಳನ್ನು ತಪ್ಪಿತಸ್ಥಳೆನ್ನಬಾರದು ಎಂಬುದು ನನ್ನ ಅಭಿಪ್ರಾಯ. ಸಂತ ಥಾಮಸ್ ಅಕ್ವಿನಾಸರು ಶತ್ರುಪ್ರೇಮವನ್ನು ಚರ್ಚಿಸುವಾಗ ಸೂಕ್ಷ್ಮವಾದ ಭೇದವೊಂದನ್ನು ಮಾಡುತ್ತಾರೆ. ಮನುಷ್ಯನಾಗಿ ಶತ್ರುವಿನ ಒಳಿತನ್ನು ನಿರಾಕರಿಸದಿರುವುದು, ಅಗತ್ಯ ಬಿದ್ದರೆ ಅವನಿಗೆ ನೆರವಾಗಲು ಮನಸ್ಸು ಸಿದ್ಧವಿರುವುದು, ಇವು ಎಲ್ಲರಿಗೂ ಕಡ್ಡಾಯ. ಅವನ ಮೇಲೆ ವಿಶೇಷವಾದ ಪ್ರೀತಿ ಉಕ್ಕಬೇಕೆಂಬುದು ಪರಿಪೂರ್ಣತೆಗೆ ಸೇರಿದ್ದು. ಕೈಯಲ್ಲಿದ್ದ ಸಾವನ್ನು ತಡೆದು ಹಿಡಿದ ಆ ಹುಡುಗಿ ಬಾಯಲ್ಲಿ ಹೇಳಲಾರದ್ದರ ಮೊದಲ ಪಾಲನ್ನು ಕೈಯಲ್ಲಿ ಮಾಡಿ ತೋರಿಸಿದ್ದಾಳೆ. ಆಸ್ತಿಯ ವ್ಯಾಜ್ಯದಿಂದಲೋ ಅದಕ್ಕಿಂತ ಘೋರವಾದ ಅನ್ಯಾಯದಿಂದಲೋ ನೊಂದವರಿಗೆ, ಕ್ಷಮಿಸಿಬಿಡು ಎಂದು ಒತ್ತಾಯಿಸಿ ಮುಗಿಸುವ ನಮ್ಮ ರೂಢಿ ಎಷ್ಟು ಒರಟೆಂಬುದನ್ನು ಈ ಒಂದು ಕಂತು ಎತ್ತಿ ತೋರಿಸುತ್ತದೆ.

ಆ ಕಂತಿನ ಕೊನೆಗೆ ಝೂಕೊ ಆಂಗ್‌ನನ್ನು ಕೇಳುತ್ತಾನೆ: ಹಿಂಸೆ ಉತ್ತರವಲ್ಲವೆಂಬ ನಿನ್ನ ಮಾತು ಸರಿ, ಹಾಗಾದರೆ ನನ್ನ ತಂದೆಯನ್ನು ಎದುರಿಸಿದಾಗ ಏನು ಮಾಡುತ್ತೀಯೆ? ಓಜೈ ಧೂಮಕೇತುವಿನ ಬಲದಿಂದ ಒಂದು ಇಡೀ ಖಂಡವನ್ನೇ ಸುಡಲು ಹೊರಟಿದ್ದಾನೆ. ಕೊಲ್ಲದೆ ಅವನನ್ನು ತಡೆಯುವ ಮಾರ್ಗ ಯಾರಿಗೂ ಕಾಣದು. ಆಂಗ್‌ಗೆ ಮಾತ್ರ ಕೊಲ್ಲಲು ಮನಸ್ಸು ಒಪ್ಪದು. ಹಿಂದಿನ ಅವತಾರಗಳನ್ನು ಧ್ಯಾನದಲ್ಲಿ ಕರೆದು ಕೇಳುತ್ತಾನೆ. ಒಬ್ಬೊಬ್ಬರೂ ದೃಢವಾಗಿರೆಂದೇ ಹೇಳುತ್ತಾರೆ. ಅವನದೇ ಕುಲದ ಸಂನ್ಯಾಸಿನಿ ಯಾಂಗ್‌ಚೆನ್ ಹೇಳುವುದು ಎಲ್ಲಕ್ಕಿಂತ ಕಠಿಣ: ಲೋಕದ ಹೊಣೆ ಹೊತ್ತವನು ತನ್ನ ಆತ್ಮದ ಶುದ್ಧಿಯನ್ನೂ ಲೋಕಕ್ಕಾಗಿ ಬಿಟ್ಟುಕೊಡಬೇಕು. ಸಾರ್ವಜನಿಕ ಅಧಿಕಾರದಲ್ಲಿರುವವನ ಕೈ ಮಲಿನವಾಗದೆ ಉಳಿದೀತೇ ಎಂದು 1948ರಲ್ಲಿ ಸಾರ್ತ್ರ್ ನಾಟಕ ಬರೆದು ಕೇಳಿದ, 1973ರಲ್ಲಿ ಮೈಕೆಲ್ ವಾಲ್ಜರ್ ಪ್ರಬಂಧ ಬರೆದು ಚರ್ಚಿಸಿದ ಪ್ರಶ್ನೆಯೇ ಇದು.

ಅಕ್ವಿನಾಸರ ಬಳಿ ಒಯ್ದರೆ ಈ ಬಾಲಕನ ಇಕ್ಕಟ್ಟು ಇನ್ನೂ ಬಿಗಿಯಾಗುತ್ತದೆ. ಸಮಾಜದ ರಕ್ಷಣೆಗಾಗಿ ದುಷ್ಟನನ್ನು ದಂಡಿಸುವ ಅಧಿಕಾರ ಸಾರ್ವಜನಿಕ ಅಧಿಕಾರಿಗೆ ಉಂಟೆಂದು ಅವರು ಒಪ್ಪಿದರು. ಅದೇ ಚರ್ಚೆಯ ಮುಂದಿನ ಭಾಗದಲ್ಲಿ, ಧಾರ್ಮಿಕ ದೀಕ್ಷೆ ಹೊಂದಿದವರಿಗೆ ಕೊಲ್ಲುವ ಕೆಲಸ ಸಲ್ಲದೆಂದೂ ಬರೆದರು. ಆಂಗ್ ಏಕಕಾಲಕ್ಕೆ ನ್ಯಾಯಾಧಿಪತಿಯೂ ಹೌದು, ಸಂನ್ಯಾಸಿಯೂ ಹೌದು. ಗೆಲುವಿನ ಹೊಸ್ತಿಲಲ್ಲಿ ಕೈ ತಡೆದವನ ಕಥೆ ಪಂಪನ 'ಆದಿಪುರಾಣ'ದ ಬಾಹುಬಲಿಯಿಂದಾಗಿ ಕನ್ನಡಿಗರಿಗೆ ಹಳೆಯದು. ಆದರೆ ಬಾಹುಬಲಿ ಅಣ್ಣನನ್ನು ಇಳಿಸಿ, ರಾಜ್ಯ ಬಿಟ್ಟು ಕಾಡಿಗೆ ನಡೆಯಬಹುದಾಗಿತ್ತು. ಆಂಗ್ ಕಾಡಿಗೆ ಹೋದರೆ ನಾಡು ಉರಿಯುತ್ತದೆ.

ಇಲ್ಲಿ ಧಾರಾವಾಹಿ ಒಂದು ಚಮತ್ಕಾರ ಮಾಡುತ್ತದೆ. ಸಮುದ್ರದಲ್ಲಿ ದ್ವೀಪದಂತೆ ತೇಲುವ ಪುರಾತನ ಸಿಂಹಮುಖದ ಆಮೆ, ಒಬ್ಬನ ಶಕ್ತಿಯನ್ನು ಪ್ರಾಣ ಹೋಗದಂತೆ ಕಿತ್ತುಕೊಳ್ಳುವ ವಿದ್ಯೆಯನ್ನು ಅವನಿಗೆ ಕೊಡುತ್ತದೆ. ಓಜೈ ಸೋಲುತ್ತಾನೆ, ಸಾಯುವುದಿಲ್ಲ. ಇದು ಪ್ರಶ್ನೆಯಿಂದ ನುಣುಚಿಕೊಂಡಂತೆ ಎಂದು ಆಕ್ಷೇಪಿಸಬಹುದು, ಆಕ್ಷೇಪದಲ್ಲಿ ಹುರುಳಿದೆ. ಆಮೆ ಬಾರದಿದ್ದರೆ? ಮಕ್ಕಳೊಡನೆ ಕುಳಿತು ನೋಡುವ ತಂದೆತಾಯಿಗಳು ಈ ಪ್ರಶ್ನೆಯನ್ನು ಅಲ್ಲಿಯೇ ಕೇಳಬೇಕು, ಉತ್ತರಕ್ಕೆ ಅವಸರಪಡಿಸದೆ.

ಆದರೂ ಆ ಆಮೆಯನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಧರ್ಮಸಭೆಯ ಬೋಧನೆಯಲ್ಲೇ ಇಂಥದೊಂದು ನಡೆದಿದೆ. ಮರಣದಂಡನೆಯನ್ನು 1992ರ ಧರ್ಮೋಪದೇಶ ಗ್ರಂಥ ಸಂಪೂರ್ಣವಾಗಿ ನಿಷೇಧಿಸಿರಲಿಲ್ಲ. 1995ರ 'ಇವಾಂಜೆಲಿಯುಮ್ ವಿತೇ' ವಿಶ್ವಪತ್ರದಲ್ಲಿ ಜಗದ್ಗುರು ದ್ವಿತೀಯ ಜಾನ್ ಪಾಲರು, ಕಾರಾಗೃಹ ವ್ಯವಸ್ಥೆ ಸುಧಾರಿಸಿರುವುದರಿಂದ ಕೊಲ್ಲಲೇಬೇಕಾದ ಸಂದರ್ಭಗಳು ಇಲ್ಲವೆನ್ನುವಷ್ಟು ವಿರಳವೆಂದರು. 2018ರ ಆಗಸ್ಟಿನಲ್ಲಿ ಜಗದ್ಗುರು ಫ್ರಾನ್ಸಿಸರು 2267ನೆಯ ಪರಿಚ್ಛೇದವನ್ನೇ ತಿದ್ದಿಸಿ, ಅದು ಮನುಷ್ಯನ ಘನತೆಗೆ ವಿರುದ್ಧವಾದುದರಿಂದ ಅಂಗೀಕಾರಾರ್ಹವಲ್ಲವೆಂದು ಸಾರಿದರು. ಕೊಲ್ಲದೆ ತಡೆಯುವ ಗೋಡೆ ಎದ್ದು ನಿಂತಾಗ ಕೊಲ್ಲುವ ಅಗತ್ಯದ ವಾದ ಬಿದ್ದುಹೋಗುತ್ತದೆ. ಗೋಡೆ ಏಳುವ ಮೊದಲೇ ಕೊಲ್ಲಲೊಲ್ಲೆನೆಂದು ಹಟ ಹಿಡಿದವರಿದ್ದುದರಿಂದಲೇ ಗೋಡೆಯ ಹುಡುಕಾಟ ನಡೆದದ್ದು. ಮೂರು ಅವತಾರಗಳಿಗೂ ತಮ್ಮ ಕುಲದ ಸಂನ್ಯಾಸಿನಿಗೂ ಮಣಿಯದ ಹನ್ನೆರಡರ ಹುಡುಗನ ಹಟವೂ ಅಂಥದೇ.

ಕಿರಿಯ ಮಕ್ಕಳಿಗೆ ಇದನ್ನು ತೋರಿಸುವ ಆತುರ ಬೇಡ. ರಕ್ತ ಹೆಚ್ಚು ಕಾಣದಿದ್ದರೂ ಒಂದು ಜನಾಂಗದ ಸರ್ವನಾಶ, ತಂದೆಯಿಂದಲೇ ಮಗುವಿನ ಮೇಲೆ ನಡೆದ ಹಿಂಸೆ ಕಥೆಯ ಬುಡದಲ್ಲಿವೆ. ಪ್ರೌಢಶಾಲೆಗೆ ಹೋಗುವ ಮಕ್ಕಳಿದ್ದ ಮನೆಯಲ್ಲಿ ಹಿರಿಯರೂ ಜೊತೆಗೆ ಕುಳಿತರೆ ಚೆನ್ನು. ಮೊದಲ ನಾಲ್ಕೈದು ಕಂತು ತುಸು ಬಾಲಿಶ, ತಾಳ್ಮೆ ಬೇಕು.

ಕೊನೆಯ ಕಂತಿನಲ್ಲಿ, ಬೆಂಕಿ ರಾಷ್ಟ್ರದ ದೊರೆಯಾಗಿ ಕಿರೀಟ ಧರಿಸಿದ ಝೂಕೊ ತಂದೆಯ ಕತ್ತಲ ಕೋಣೆಗೆ ಹೋಗುತ್ತಾನೆ. ನನ್ನನ್ನು ದೇಶದಿಂದ ಅಟ್ಟಿದ್ದೇ ನನಗೆ ಒಳಿತಾಯಿತು, ಈ ಸೆರೆಯೂ ನಿಮಗೆ ಹಾಗೆಯೇ ಒಳಿತು ಮಾಡೀತು ಎಂಬರ್ಥದಲ್ಲಿ ಮಾತನಾಡುತ್ತಾನೆ. ನೆಲದ ಮೇಲೆ ಬಿದ್ದಿರುವ ಓಜೈಯ ಮುಖದಲ್ಲಿ ಪಶ್ಚಾತ್ತಾಪದ ಸುಳಿವಿಲ್ಲ. ಆಗ ಮಗ, ಬಾಲ್ಯದಲ್ಲೇ ಕಣ್ಮರೆಯಾದ ತನ್ನ ತಾಯಿ ಎಲ್ಲಿ ಎಂದು ಗಟ್ಟಿಯಾಗಿ ಕೇಳುತ್ತಾನೆ. ದೃಶ್ಯ ಅಲ್ಲಿಗೇ ಕತ್ತರಿಸುತ್ತದೆ. ಅದಕ್ಕೆ ಉತ್ತರ ಸಿಕ್ಕಿದ್ದು 2013ರಲ್ಲಿ ಬಂದ ಚಿತ್ರಕಥಾ ಪುಸ್ತಕದಲ್ಲಿ.